ಕೇರಿಯ ಕಾಗದ, ಯೂನಿವರ್ಸಿಟಿಯ ಪದವಿ

ನಮ್ಮ ಯೂನಿವರ್ಸಿಟಿಗಳಲ್ಲಿ ಈಚೆಗೆ ‘ನಾಯಕತ್ವದ ಗುಣ ಬೆಳೆಸಿಕೊಳ್ಳುವುದು ಹೇಗೆ’ ಅಂತ ಶಿಬಿರಗಳು ನಡೆಯುತ್ತವೆ. ಒಂದು ದಿನದವು. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಊಟ, ಸಾಯಂಕಾಲ ಸರ್ಟಿಫಿಕೇಟು. ಕೋಟು ಹಾಕಿಕೊಂಡು ಬಂದವರು ಹೇಳುತ್ತಾರೆ: ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಕೈಯನ್ನು ಗಟ್ಟಿಯಾಗಿ ಹಿಡಿದು ಕುಲುಕಿ, ನಿಮ್ಮನ್ನು ನೀವು ಮಾರಿಕೊಳ್ಳೋದು ಕಲಿಯಿರಿ. ಕೇಳುತ್ತ ಕೂತ ನಮ್ಮಲ್ಲಿ ಅರ್ಧ ಜನ, ಒಡೆಯನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದಕ್ಕೆ ಚಾವಟಿ ಏಟು ತಿಂದವರ ಮೊಮ್ಮಕ್ಕಳು. ಕೈ ತಗುಲಿದರೆ ಮೈಲಿಗೆ ಅಂದ ಊರುಗಳಿಂದ ಬಂದವರು. ಇನ್ನು ನಮ್ಮನ್ನು ಮಾರೋ ವಿದ್ಯೆಯನ್ನ ಜೀತಕ್ಕಿಟ್ಟುಕೊಂಡ ಧಣಿಗಳು ಬಹಳ ಹಿಂದೆಯೇ ಕಲಿತು ಮುಗಿಸಿದ್ದರು.

ಆದರೂ ಶಿಬಿರದ ಪ್ರಶ್ನೆ ಸುಳ್ಳಲ್ಲ. ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿದ ದಿನದಿಂದ ಕೇರಿಯವರು ನಮ್ಮನ್ನು ನೋಡುವ ರೀತಿ ಬೇರೆಯಾಗುತ್ತದೆ. ‘ನಮ್ಮ ಹುಡ್ಗಿ ಡಾಕ್ಟ್ರು ಓದ್ತಾವ್ಳೆ’ ಅಂತಾರೆ. ಸೂಜಿ ಚುಚ್ಚೋ ಡಾಕ್ಟ್ರು ಅಲ್ಲ ಅಂತ ಬಿಡಿಸಿ ಹೇಳಿದರೆ, ‘ಮತ್ತೆ ಯಾತರ ಡಾಕ್ಟ್ರವ್ವಾ?’ ಅಂತ ಕೇಳ್ತಾರೆ. ಈ ಪ್ರಶ್ನೆಗೆ ನಮ್ಮ ಪ್ರಬಂಧದ ಯಾವ ಅಧ್ಯಾಯದಲ್ಲೂ ಉತ್ತರ ಇರೋದಿಲ್ಲ. ಉನ್ನತ ಪದವಿ ಓದುವ ಹೊಲೆಮಾದಿಗರ ಮಕ್ಕಳು ಮುಂದಾಳುಗಳಾಗಬೇಕೆ, ಆದರೆ ಎಂಥವರಾಗಬೇಕು, ಅದಕ್ಕೆ ಬೇಕಾದ ಗುಣ ಎಲ್ಲಿ ಸಿಗುತ್ತೆ ಅನ್ನೋದನ್ನ ನನಗೆ ಗೊತ್ತಿರುವ ಒಂದು ಕೇರಿಯ, ಒಂದು ತಾಲ್ಲೂಕಿನ ಅನುಭವದಿಂದ ಬರೆಯುತ್ತಿದ್ದೇನೆ. ನಾನು ದೊಡ್ಡಬಳ್ಳಾಪುರ ತಾಲ್ಲೂಕಿನವಳು. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳು ಏನಾದವು ಅನ್ನೋದು ನನ್ನ ಸಂಶೋಧನೆಯ ವಿಷಯ.

ನಮ್ಮ ಚಳವಳಿ ಹುಟ್ಟಿದ್ದೇ ಓದೋ ಮಕ್ಕಳಿಂದ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡುತ್ತ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅಂದದ್ದು ಮಂತ್ರಿ, ಏಟು ತಿಂದದ್ದು ಹಾಸ್ಟೆಲಿನ ದಲಿತ ಹುಡುಗರು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಆ ನೋವಿನಲ್ಲೇ ಕೂತು ಯೋಚನೆ ಮಾಡಿದ ವಿದ್ಯಾರ್ಥಿಗಳು, ಕಾಲೇಜು ಮೇಷ್ಟ್ರುಗಳು, ಸಣ್ಣಪುಟ್ಟ ನೌಕರರು ಸೇರಿ 70ರ ದಶಕದ ನಡುವಿನಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಅದನ್ನು ಮುನ್ನಡೆಸಿದ ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರಾಗಿದ್ದವರು.

ಸಮಿತಿಯವರು ತಮ್ಮ ಮುಂದಾಳಿಗೆ ಇಟ್ಟ ಹೆಸರನ್ನು ಗಮನಿಸಿ. ಅಧ್ಯಕ್ಷ ಅನ್ನಲಿಲ್ಲ, ನಾಯಕ ಅನ್ನಲಿಲ್ಲ, ಸಂಚಾಲಕ ಅಂದರು. ರಾಜ್ಯಕ್ಕೂ ಸಂಚಾಲಕ, ತಾಲ್ಲೂಕಿಗೂ ಸಂಚಾಲಕ. ಗಾಡಿಯ ಮೇಲೆ ಕೂರೋನಿಗೆ ಅಧ್ಯಕ್ಷ ಅಂತಾರೆ. ಗಾಡಿ ನಡೆಯೋ ಹಾಗೆ ನೋಡಿಕೊಳ್ಳೋನು ಸಂಚಾಲಕ. ಈ ಮಾತಿನ ಅರ್ಥ ಮರೆತಾಗ ಏನಾಯಿತು ಅನ್ನೋದೂ ನಮಗೆ ಗೊತ್ತು. ಯಾರು ಮುಂದೆ ನಿಲ್ಲಬೇಕು, ಯಾವ ಪಕ್ಷದ ಪಕ್ಕ ನಿಲ್ಲಬೇಕು ಅನ್ನೋ ಜಗಳದಲ್ಲಿ ಸಮಿತಿ ಬಣಗಳಾಗಿ ಒಡೆಯಿತು. 2022ರ ಡಿಸೆಂಬರ್ 6ರಂದು ಆ ಬಣಗಳಲ್ಲಿ ಹಲವು ಬೆಂಗಳೂರಿನಲ್ಲಿ ಮತ್ತೆ ಒಂದೇ ವೇದಿಕೆಗೆ ಬಂದಾಗ, ತಲೆ ನೆರೆತ ಎಷ್ಟೋ ಜನ ಅಣ್ಣಂದಿರ ಕಣ್ಣು ಒದ್ದೆಯಾಗಿತ್ತು. ಒಡೆದದ್ದನ್ನು ಕೂಡಿಸೋಕೆ ಎಷ್ಟು ವರ್ಷ ಹೋಯಿತು ನೋಡಿ.

ನಮ್ಮ ಜಿಲ್ಲೆಯ ಕಡೆಗೇ ಬರೋಣ. ಡಿ.ಆರ್. ನಾಗರಾಜ್ ಅನ್ನೋ ಹೆಸರಿನ ಮೊದಲ ಅಕ್ಷರವೇ ದೊಡ್ಡಬಳ್ಳಾಪುರ. 1954ರಲ್ಲಿ ನೇಕಾರರ ಮನೆಯಲ್ಲಿ ಹುಟ್ಟಿದವರು. ಇವತ್ತಿಗೂ ಆ ಊರಿನ ಬೀದಿಗಳಲ್ಲಿ ಮಗ್ಗದ ಸದ್ದು ನಿಂತಿಲ್ಲ. ಅದೇ 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಕೇರಿಯಲ್ಲಿ ಹುಟ್ಟಿದವರು ಸಿದ್ಧಲಿಂಗಯ್ಯ. ಬೆಂಗಳೂರಿನ ಕಾಲೇಜಿನಲ್ಲಿ ಇಬ್ಬರೂ ಗೆಳೆಯರಾದರು. ಇಬ್ಬರೂ ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರದಲ್ಲಿ ಓದಿ, ಸಂಶೋಧನೆ ಮಾಡಿ, ಅಲ್ಲೇ ಪಾಠ ಹೇಳಿದರು. ಆ ಓದಿನ ವರ್ಷಗಳೇ ಅವರ ಹೋರಾಟದ ವರ್ಷಗಳೂ ಹೌದು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದರೆ ಕೊಡಲಿಲ್ಲ ಅಂತ 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ, ಅದನ್ನು ಕಟ್ಟಿದವರಲ್ಲಿ ನಾಗರಾಜ್ ಇದ್ದರು, ಬರಗೂರು ರಾಮಚಂದ್ರಪ್ಪ ಇದ್ದರು, ಸಿದ್ಧಲಿಂಗಯ್ಯ ಇದ್ದರು.

ಅವರು ಡಾಕ್ಟರೇಟಿಗೆ ಏನು ಓದಿದರು ಅನ್ನೋದರಲ್ಲೇ ನಮಗೆ ಪಾಠ ಇದೆ. ಸಿದ್ಧಲಿಂಗಯ್ಯ ಗ್ರಾಮದೇವತೆಗಳ ಮೇಲೆ ಪ್ರಬಂಧ ಬರೆದರು. ಪಂಡಿತರು ಮೂಗು ಮುಚ್ಚಿಕೊಳ್ಳೋ ಮಾರಮ್ಮ, ಪಟಾಲಮ್ಮಂದಿರ ಗುಡಿ ಮುಂದೆ ಕೂತು, ಪೂಜಾರಿಗಳ ಹತ್ತಿರ, ಮೈಮೇಲೆ ದೇವರು ಬರುವ ಹೆಂಗಸರ ಹತ್ತಿರ ಕೇಳಿ ತಿಳಿದದ್ದನ್ನು ಯೂನಿವರ್ಸಿಟಿ ಒಪ್ಪುವ ಜ್ಞಾನ ಮಾಡಿದರು. ಸಾವಿರಾರು ಜನರ ಮುಂದೆ ನಿಂತು ನಗಿಸಿ ಅಳಿಸುತ್ತಿದ್ದ ಆ ಮಾತು ಅವರಿಗೆ ಇಂಥ ಕಡೆ ಕೂತು ಕೇಳಿದ್ದರಿಂದ ಬಂದದ್ದು ಅಂತ ನನ್ನ ನಂಬಿಕೆ. 1988ರಲ್ಲಿ ಅವರು ವಿಧಾನ ಪರಿಷತ್ತಿಗೆ ಹೋದಾಗಲೂ ಆ ಮಾತು ಕೇರಿಯ ಮಾತಾಗೇ ಉಳಿದಿತ್ತು. ನಾಗರಾಜ್ ಇನ್ನೊಂದು ದಾರಿ ಹಿಡಿದರು. 1993ರ ಅವರ ಇಂಗ್ಲಿಷ್ ಪುಸ್ತಕ ‘ದ ಫ್ಲೇಮಿಂಗ್ ಫೀಟ್’ನಲ್ಲಿ ಗಾಂಧಿ ಮತ್ತು ಅಂಬೇಡ್ಕರ್ ಒಬ್ಬರಿಗೊಬ್ಬರು ಎದುರಾಗಿ ನಿಂತು ಇಬ್ಬರೂ ಬದಲಾದರು ಅಂತ ವಾದಿಸಿದರು. ನಮ್ಮವರಲ್ಲೇ ಬಹಳ ಜನಕ್ಕೆ ಇದು ಹಿಡಿಸಲಿಲ್ಲ. ಹಿಡಿಸೋದಿಲ್ಲ ಅಂತ ಗೊತ್ತಿದ್ದೂ ಬರೆದರು. ತನ್ನ ಗುಂಪಿನ ಮುಂದೆ ಗುಂಪು ಒಪ್ಪದ ಮಾತು ಹೇಳೋ ಧೈರ್ಯ ಸಣ್ಣದಲ್ಲ. ಅವರು 1998ರಲ್ಲಿ, ಇನ್ನೂ 44ರ ಹರೆಯದಲ್ಲೇ ಹೋಗಿಬಿಟ್ಟರು. ಸಿದ್ಧಲಿಂಗಯ್ಯನವರನ್ನು 2021ರ ಜೂನಿನಲ್ಲಿ ಕೊರೋನಾ ಕೊಂಡೊಯ್ದಿತು.

ಈಗ ನಮ್ಮ ಕೇರಿಯ ಕಾಗದದ ಮಾತು.

ನಾನು ಸಂಶೋಧನೆಗೆ ಸೇರಿದ ಮೊದಲ ವರ್ಷ, ಯುಗಾದಿ ಕಳೆದ ಮಾರನೇ ದಿನ, ನಮ್ಮ ಮನೆ ಸಾಲಿನ ಕೊನೆಯ ಮನೆಯ ತಾತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದ ತಂದು ನನ್ನ ತೊಡೆ ಮೇಲಿಟ್ಟ. ‘ಓದ್ಬುಟ್ಟು ಯೋಳವ್ವಾ, ಇದು ಬದ್ಕೈತಾ ಸತ್ತೈತಾ.’ ಮಡಿಕೆ ಮಡಿಕೆಯಲ್ಲೂ ಹರಿದಿದ್ದ ಸಾಗುವಳಿ ಚೀಟಿ ಅದು. 1968ರಲ್ಲಿ ಅವನ ಅಪ್ಪನಿಗೆ ದರಖಾಸ್ತಿನಲ್ಲಿ 2 ಎಕರೆ ಮಂಜೂರಾಗಿತ್ತು. 15 ವರ್ಷ ಪರಭಾರೆ ಮಾಡಕೂಡದು ಅಂತ ಷರತ್ತು ಬರೆದಿತ್ತು. 1981ರಲ್ಲಿ, ಮಗಳ ಮದುವೆ ಸಾಲಕ್ಕೆ, ಆ ಜಮೀನು ಕೈ ಬಿಟ್ಟಿತ್ತು. ವಿಚಾರಿಸಿದಾಗ ಕೇರಿಯಲ್ಲಿ ಇಂಥ 9 ಮನೆ ಇದ್ದವು. ಎಲ್ಲರ ಕಾಗದವೂ ಟ್ರಂಕಿನ ತಳದಲ್ಲಿ, ಇಲ್ಲವೆ ಗೋಡೆಗೆ ತಗುಲಿಹಾಕಿದ ಚೀಲದಲ್ಲಿ.

ಇದರ ಕಾನೂನು ಓದುಗರಲ್ಲಿ ಹಲವರಿಗೆ ಗೊತ್ತು, ಆದರೂ ಹೇಳುತ್ತೇನೆ. 1978ರ ಪಿ.ಟಿ.ಸಿ.ಎಲ್. ಕಾಯ್ದೆ 1979ರ ಜನವರಿ 1ರಿಂದ ಜಾರಿಗೆ ಬಂತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಕೊಂಡಿದ್ದರೆ, ಅಥವಾ ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡಿದ್ದರೆ, ಆ ಕ್ರಯ ಊರ್ಜಿತವಲ್ಲ. ಉಪವಿಭಾಗಾಧಿಕಾರಿ, ಅಂದರೆ ನಮ್ಮ ಜನ ಎ.ಸಿ. ಸಾಹೇಬ್ರು ಅನ್ನೋರು, ವಿಚಾರಣೆ ನಡೆಸಿ ಜಮೀನನ್ನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಬಿಡಿಸಿಕೊಡಬಹುದು. ಜಮೀನ್ದಾರರು ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟು, ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕು ಅಂತ ಹೇಳಿತು. ಅಲ್ಲಿಂದ ಒಂದೊಂದೇ ಅರ್ಜಿ ತಡವಾಯಿತು ಅನ್ನೋ ಕಾರಣಕ್ಕೆ ಬೀಳತೊಡಗಿತು. ಕಾಗದ ಓದೋಕೇ ಬಿಡದೆ ತಲೆಮಾರುಗಟ್ಟಲೆ ಇಟ್ಟವರು, ಯಾಕ್ರಪ್ಪಾ ತಡವಾಗಿ ಓದಿದ್ರಿ ಅಂತ ಕೇಳಿದ ಹಾಗಾಯಿತು. ದಲಿತ ಸಂಘಟನೆಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದಿನಗಟ್ಟಲೆ ಧರಣಿ ಕೂತವು. 2023ರಲ್ಲಿ ಕಾಲಮಿತಿಯ ಅಡ್ಡಿ ಇಲ್ಲ ಅಂತ ಕಾಯ್ದೆಗೆ ತಿದ್ದುಪಡಿ ಬಂತು. ಹಾಗಿದ್ದೂ ವಿಳಂಬದ ವಾದ ಕೋರ್ಟುಗಳಲ್ಲಿ ಇನ್ನೂ ಮುಗಿದಿಲ್ಲ.

9 ಮನೆಯವರೂ ಎ.ಸಿ. ಕೋರ್ಟಿಗೆ ಅರ್ಜಿ ಹಾಕಬೇಕು ಅಂತ ತೀರ್ಮಾನವಾಯಿತು. ‘ನೀನೇ ಮುಂದೆ ನಿಂತ್ಕೊಳವ್ವಾ’ ಅಂದರು. ಇಲ್ಲಿಂದ ನನಗೆ ಶುರುವಾದದ್ದನ್ನು ಯಾವ ಶಿಬಿರದ ಕರಪತ್ರದಲ್ಲೂ ನಾನು ಓದಿಲ್ಲ.

ಮೊದಲನೆಯದು ಕೇಳೋದು. ಸಂಶೋಧನೆಯಲ್ಲಿ ಇದಕ್ಕೆ ಕ್ಷೇತ್ರಕಾರ್ಯ ಅಂತಾರೆ. ಪ್ರಶ್ನಾವಳಿ ಹಿಡಿದು ಹೋದರೆ ನಮ್ಮವ್ವಂದಿರು ‘ಹ್ಞೂ’ ‘ಉಹ್ಞೂ’ ಅಷ್ಟೇ ಹೇಳೋದು. ಕಳೆ ಕೀಳೋ ಕಡೆ ಜೊತೆಗೆ ಕೂತು ಸಾಲು ಹಿಡಿದರೆ ಮಾತು ತಾನಾಗಿ ಬರುತ್ತೆ. ಯಾವ ವರ್ಷ ಮಾರಿದ್ರಿ ಅಂದರೆ ಗೊತ್ತಿಲ್ಲ ಅನ್ನೋಳು, ‘ದೊಡ್ಡ ಮಗ ಅಂಬೆಗಾಲಿಕ್ತಿದ್ದ, ಆ ವರ್ಷ ರಾಗಿ ಕೈಗೆ ಬರ್ನಿಲ್ಲ’ ಅಂತಾಳೆ. ಆ ಮಗನ ಶಾಲೆಯ ದಾಖಲೆ ತೆಗೆದು ಲೆಕ್ಕ ಹಾಕಿದರೆ ಕ್ರಯದ ವರ್ಷ ಸಿಗುತ್ತೆ. ಅದನ್ನ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ. ಕೇಳಬಹುದು. ಹೀಗೆ ಸಿಕ್ಕಿದ ಕ್ರಯಪತ್ರಗಳೇ ನಮ್ಮ ಅರ್ಜಿಯ ಬೆನ್ನುಮೂಳೆ. ಮುಂದೆ ನಿಂತು ಮಾತಾಡೋರಿಗೆ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂರೋ ಅಭ್ಯಾಸ ಮೊದಲು ಆಗಬೇಕು.

ಎರಡನೆಯದು ನಿಜ ಹೇಳೋದು. ಸೆಮಿನಾರೊಂದರಲ್ಲಿ ಹಿರಿಯ ವಿದ್ವಾಂಸರೊಬ್ಬರು ‘ಸಂಶೋಧಕರು ವಿಷಯದಿಂದ ದೂರ ನಿಲ್ಲಬೇಕು, ಹೋರಾಟಗಾರರಾಗಬಾರದು’ ಅಂದರು. ನನ್ನ ವಿಷಯ ನಮ್ಮ ತಾತನ ಹೊಲ; ಎಷ್ಟು ದೂರ ನಿಂತರೂ ಅದು ಕಣ್ಣಿಗೆ ಕಾಣುತ್ತೆ. ಆದರೆ ಅವರ ಮಾತಿನಲ್ಲಿ ಹಿಡಿದುಕೊಳ್ಳಬೇಕಾದ ಒಂದು ಎಳೆ ಇದೆ: ನಮಗೆ ಬೇಕಾದ ಹಾಗೆ ದಾಖಲೆಯನ್ನು ಬಗ್ಗಿಸಬಾರದು. 9 ಮನೆಗಳ ಕಾಗದ ಹರಡಿಕೊಂಡು ಓದುವಾಗ ಒಂದು ಮನೆಯದು ಮಂಜೂರಾದ ಜಮೀನೇ ಅಲ್ಲ ಅಂತ ತಿಳಿಯಿತು. ಅವರ ತಾತ ಯಾರಿಂದಲೋ ದುಡ್ಡು ಕೊಟ್ಟು ಕೊಂಡಿದ್ದ ಖಾಸಗಿ ಹಿಡುವಳಿ. ಪಿ.ಟಿ.ಸಿ.ಎಲ್. ಅದಕ್ಕೆ ಹತ್ತೋದಿಲ್ಲ. ಆ ಮನೆಯಾಕೆ ನನ್ನನ್ನು ಎತ್ತಿ ಆಡಿಸಿದವಳು, ವರಸೆಯಲ್ಲಿ ಚಿಕ್ಕಮ್ಮ. ಹೇಳದೆ ಸುಮ್ಮನೆ ಅರ್ಜಿ ಹಾಕಿಬಿಡಬಹುದಾಗಿತ್ತು. ವಕೀಲರ ಫೀಸು ಕಟ್ಟಿಕೊಂಡು ವರ್ಷಗಟ್ಟಲೆ ಓಡಾಡಿ ಆಮೇಲೆ ಕೋರ್ಟಿನಿಂದಲೇ ತಿಳಿದುಕೊಳ್ಳುತ್ತಿದ್ದಳು. ಅವಳ ಮನೆಗೇ ಹೋಗಿ ಹೇಳಿದೆ. ‘ಓದ್ಸಿದ್ದು ಇದ್ಕಾ?’ ಅಂದಳು. ಮೂರು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಜನಕ್ಕೆ ಪ್ರಿಯವಾದದ್ದನ್ನೇ ಹೇಳುತ್ತ ಹೋಗೋರನ್ನ ನಾವು ಚುನಾವಣೆಗೊಮ್ಮೆ ನೋಡುತ್ತೇವೆ. ಅವರ ಸಾಲಿಗೆ ಪಿಎಚ್.ಡಿ. ಮಾಡಿದವರೂ ಸೇರಬೇಕಾಗಿಲ್ಲ.

ಹಾಗೇ ಎದುರು ಪಕ್ಷದವರ ಮಾತೂ ಬರೆದುಕೊಂಡೆ. ಕೊಂಡವರಲ್ಲಿ ಬೆಂಗಳೂರಿನ ದುಡ್ಡಿನ ಕುಳಗಳಿದ್ದರು. ಹಾಗೇ ಪಕ್ಕದೂರಿನ ಒಬ್ಬ ಸಣ್ಣ ರೈತನೂ ಇದ್ದ. ಎಮ್ಮೆ ಮಾರಿ, ಹೆಂಡತಿಯ ಓಲೆ ಮಾರಿ 1 ಎಕರೆ ಕೊಂಡು ನಲವತ್ತು ವರ್ಷ ಬೆವರು ಸುರಿಸಿದ್ದ. ಕಾನೂನು ಅವನ ಕಡೆಗಿಲ್ಲ. ಆದರೂ ಅವನನ್ನೂ ಕುಳಗಳನ್ನೂ ಒಂದೇ ಬಾಯಲ್ಲಿ ಬೈಯಬಾರದು ಅಂತ ಸಭೆಯಲ್ಲಿ ನಾನು ಹೇಳಿದಾಗ ಯುವಕರಿಗೆ ಸಿಟ್ಟು ಬಂತು. ಅವನಿಗೆ ಸರ್ಕಾರ ಬೇರೆ ದಾರಿ ತೋರಿಸಬೇಕು ಅನ್ನೋ ಒಂದು ಸಾಲನ್ನು ನಮ್ಮ ಮನವಿಯಲ್ಲಿ ಸೇರಿಸೋಕೆ ಎರಡು ರಾತ್ರಿ ಚರ್ಚೆ ಬೇಕಾಯಿತು. ಸೇರಿತು.

ಮೂರನೆಯದು ಲೆಕ್ಕ ಮತ್ತು ಬರವಣಿಗೆ. ನಮ್ಮ ಸಂಘಗಳು ಶತ್ರುವಿನ ಏಟಿಗಿಂತ ಲೆಕ್ಕದ ಜಗಳಕ್ಕೆ ಒಡೆದದ್ದು ಹೆಚ್ಚು. ಮನೆಗೆ ತಿಂಗಳಿಗೆ 100 ರೂಪಾಯಿ ವಂತಿಗೆ ಅಂತಾಯಿತು. ಬಸ್ ಚಾರ್ಜು, ಜೆರಾಕ್ಸು, ಪ್ರಮಾಣಿತ ನಕಲಿನ ಶುಲ್ಕ, ಟೀ, ಎಲ್ಲವನ್ನೂ ನೋಟು ಪುಸ್ತಕದಲ್ಲಿ ಬರೆದು ಪ್ರತಿ ತಿಂಗಳ ಮೊದಲ ಭಾನುವಾರ ಅರಳಿಮರದ ಕೆಳಗೆ ಗಟ್ಟಿಯಾಗಿ ಓದೋದು. ಓದು ಬಾರದವರಿಗೂ ಕಿವಿ ಇದೆಯಲ್ಲ. ‘ಓದ್ ತಿಂಗ್ಳು ಟೀಗೆ ನಲ್ವತ್ತು ಅಂದೆ, ಈ ಸಲ ಅರ್ವತ್ತು ಯಾಕೆ?’ ಅಂತ ಒಬ್ಬ ಅಜ್ಜಿ ಕೇಳಿದಾಗ ಎಲ್ಲರೂ ನಕ್ಕರು. ನನಗೆ ಅದು ಪ್ರಬಂಧಕ್ಕೆ ಬಂದ ಎಷ್ಟೋ ಟೀಕೆಗಳಿಗಿಂತ ಒಳ್ಳೇ ಪ್ರಶ್ನೆ ಅನ್ನಿಸಿತು. ಯೂನಿವರ್ಸಿಟಿ ನಮಗೆ ಅಡಿಟಿಪ್ಪಣಿ ಹಾಕೋದು ಕಲಿಸುತ್ತೆ, ಯಾವ ಮಾತು ಎಲ್ಲಿಂದ ಬಂತು ಅಂತ ತೋರಿಸೋದು ಕಲಿಸುತ್ತೆ. ಆ ಶಿಸ್ತನ್ನೇ ಸಂಘದ ದುಡ್ಡಿಗೂ ಹಾಕಿದರೆ ಆಯಿತು.

ಕ್ಯಾಂಪಸ್ಸಿನಲ್ಲೂ ಇದೇ ಪಾಠ ಇನ್ನೊಂದು ರೀತಿ ಬಂತು. ಒಂದು ವರ್ಷ ನಮ್ಮ ಫೆಲೋಶಿಪ್ ಹಣ ಬರಬೇಕಾದ ಕಡೆಯಿಂದ 7 ತಿಂಗಳು ಬರಲಿಲ್ಲ. ಮೆಸ್ಸಿನ ಬಿಲ್ಲು ಬಾಕಿ, ರೂಮಿನ ಬಾಡಿಗೆ ಬಾಕಿ. ಮನೆಗೆ ದುಡ್ಡು ಕಳಿಸುತ್ತಿದ್ದ ಗೆಳೆಯನೊಬ್ಬ ರಾತ್ರಿ ಪಾಳಿಯ ಗೋದಾಮಿನ ಕೆಲಸಕ್ಕೆ ಸೇರಿಕೊಂಡ. 11 ಜನ ಕೂತು ಮನವಿ ಬರೆದೆವು. ಮೊದಲ ಸಹಿ ಯಾರದು ಅನ್ನೋ ಪ್ರಶ್ನೆ ಬಂತು. ಮೊದಲು ಸಹಿ ಹಾಕಿದವರನ್ನು ಗುರುತಿಟ್ಟುಕೊಳ್ಳುತ್ತಾರೆ ಅನ್ನೋ ಭಯ ಎಲ್ಲರಿಗೂ ಇತ್ತು. ಸುಮ್ಮನೆ ಹುಟ್ಟಿದ ಭಯ ಅಲ್ಲ ಅದು. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಸತ್ತದ್ದನ್ನು ಮರೆಯೋಕೆ ಆಗುತ್ತಾ? ಅವನ ಫೆಲೋಶಿಪ್ಪೂ ತಿಂಗಳುಗಟ್ಟಲೆ ನಿಂತಿತ್ತು. ಕೊನೆಗೆ ಹೆಸರಿನ ಅಕ್ಷರಗಳ ಕ್ರಮದಲ್ಲಿ ಸಹಿ ಮಾಡಿದೆವು. ಮನವಿ ಕೊಡೋಕೆ 11 ಜನವೂ ಹೋದೆವು, ಒಬ್ಬೊಬ್ಬರೂ ಒಂದೊಂದು ಮಾತು ಹೇಳೋದು ಅಂತ ಮೊದಲೇ ಹಂಚಿಕೊಂಡಿದ್ದೆವು. ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಆದೇಶದ ಸಂಖ್ಯೆ, ದಿನಾಂಕ ಹೇಳಿ ಕೂತಳು. ಅಷ್ಟೇ ಅವಳ ಪಾಲು. ಆಮೇಲೆ ಅವಳನ್ನು ತಡೆಯೋರೇ ಇರಲಿಲ್ಲ. ಹಣ ಇನ್ನೂ ಎರಡು ತಿಂಗಳು ಬಿಟ್ಟು ಬಂತು.

ಇಷ್ಟರಲ್ಲಿ ಬಂದದ್ದು ನಿಜವಾದ ಪರೀಕ್ಷೆ. ಕೆಂಪೇಗೌಡ ವಿಮಾನ ನಿಲ್ದಾಣ 2008ರಲ್ಲಿ ದೇವನಹಳ್ಳಿಗೆ ಬಂದ ಮೇಲೆ ನಮ್ಮ ಜಿಲ್ಲೆಯ ಮಣ್ಣಿಗೆ ಚಿನ್ನದ ಬೆಲೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಹೋಗುವ ಉಪನಗರ ವರ್ತುಲ ರಸ್ತೆ ಆದ ಮೇಲಂತೂ ರಾಗಿ ಹೊಲದಲ್ಲಿ ರಾಗಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಒಂದು ದಿನ ಬಿಳೀ ಕಾರಿನಲ್ಲಿ ದಲ್ಲಾಳಿಯೊಬ್ಬ ನಾನಿದ್ದ ಹಾಸ್ಟೆಲಿಗೇ ಬಂದ. ನಮ್ಮೋನೇ, ನಮ್ಮ ಜಾತಿಯೋನೇ. ‘ಮೇಡಂ, ಕೋರ್ಟು ಅಂದ್ರೆ ನಿಮ್ಮ ಮಕ್ಳ ಕಾಲಕ್ಕೂ ಮುಗಿಯಲ್ಲ. ಮನೆಗಿಷ್ಟು ಅಂತ ಕೊಡ್ಸಿ ಮುಗಿಸ್ಬಿಡೋಣ. ನಿಮ್ಮ ಮಾತು ಕೇಳ್ತಾರೆ. ನಿಮ್ಗೂ ಒಂದು ಸೈಟು, ಟೌನಿನಲ್ಲೇ’ ಅಂದ. ಆಗ ನಮ್ಮ ಮನೆಯಲ್ಲಿ ಅಪ್ಪನ ಆಸ್ಪತ್ರೆ ಖರ್ಚು ನಡೆದಿತ್ತು. ತಗಡಿನ ಮನೆ. ಸೈಟು ಅನ್ನೋ ಮಾತು ನಮ್ಮಂಥೋರ ಕಿವಿಗೆ ಹೇಗೆ ಕೇಳುತ್ತೆ ಅಂತ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಅವನಿಗೆ ಹೇಳಿದ್ದು ಇಷ್ಟೇ: ‘ಅಣ್ಣಾ, ಈ ಮಾತನ್ನ ಭಾನುವಾರ ಅರಳಿಮರದ ಕೆಳಗೆ ಬಂದು ಹೇಳಿ. ಸೈಟಿನ ಮಾತೂ ಸೇರಿಸಿ ಹೇಳಿ.’ ಅವನು ಬರಲಿಲ್ಲ. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ನಾನೇ ಸಭೆಯಲ್ಲಿ ಹೇಳಿದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಇಂಥ ಜಮೀನಿನ ಪರಭಾರೆ ನಿಲ್ಲೋದಿಲ್ಲ ಅಂತ ಕಾನೂನು ಓದಿ ಹೇಳಿದೆ. ಆದರೂ ಉಳಿದ 8 ಮನೆಗಳಲ್ಲಿ 2 ಮನೆಯವರು ಒಳಗೊಳಗೇ ದುಡ್ಡು ತಗೊಂಡು ಹಿಂದೆ ಸರಿದರು. ಒಂದು ಮನೆಯಲ್ಲಿ ಡಯಾಲಿಸಿಸ್ ಮಾಡಿಸಬೇಕಾದ ರೋಗಿ ಇದ್ದ, ಇನ್ನೊಂದರಲ್ಲಿ ಮೀಟರ್ ಬಡ್ಡಿ ಸಾಲ. ಅವರನ್ನು ದ್ರೋಹಿಗಳು ಅಂತ ಕರೆಯಬೇಕು ಅಂತ ಕೆಲವರು ಕೂಗಾಡಿದರು. ಆ ಮಾತು ನಡಾವಳಿ ಪುಸ್ತಕಕ್ಕೆ ಬರಕೂಡದು ಅಂತ ನಾನು ಹಟ ಹಿಡಿದೆ. ಹಸಿವನ್ನು ಕೊಂಡುಕೊಂಡವನ ಹೆಸರು ಬರೆಯೋಣ, ಹಸಿದವನ ಹೆಸರು ಬೇಡ ಅಂದೆ. ಈ 2 ಮನೆಯವರೂ ಮೊನ್ನೆ ಅಂಬೇಡ್ಕರ್ ಜಯಂತಿಗೆ ವಂತಿಗೆ ಕೊಟ್ಟರು, ಬಂದು ಊಟ ಮಾಡಿದರು.

ಹೆಂಗಸರ ಮಾತು ಹೇಳದಿದ್ದರೆ ಈ ಬರಹ ಅರ್ಧ. ಮೊದಲ ಸಭೆಯಲ್ಲಿ ಗಂಡಸರು ಚಾಪೆಯ ಮೇಲೆ, ಹೆಂಗಸರು ಜಗುಲಿಯ ಆಚೆ. ನಾನು ಯೂನಿವರ್ಸಿಟಿಯವಳು ಅಂತ ನನಗೆ ಮಾತ್ರ ಚಾಪೆ. ವಂಶವೃಕ್ಷ ಬರೆಸುವಾಗ ಎಲ್ಲ ಮನೆಯವರೂ ಗಂಡುಮಕ್ಕಳ ಹೆಸರೇ ಹೇಳಿದರು. ‘ಎಣ್ಮಕ್ಳು ಕೊಟ್ ಮನೆಗೋದ್ವಲ್ಲ’ ಅಂದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಬಂದಿದೆ ಅಂತ ನಾನು ಹೇಳಿದಾಗ ಸಭೆ ಮುಗಿಯುವ ಹೊತ್ತಿಗೆ ಚಾಪೆ ಅರ್ಧ ಖಾಲಿಯಾಗಿತ್ತು. ಮುಂದಿನ ಸಭೆಗೆ ಜಗುಲಿಯ ಆಚೆಯವರು ತಾವೇ ಚಾಪೆಗೆ ಬಂದು ಕೂತರು. ಬಾಬಾಸಾಹೇಬರ ಫೋಟೋ ಕೆಳಗೆ ಕೂತು ಹೆಣ್ಣಿನ ಪಾಲು ನುಂಗೋರು ಮಂಜೂರಾದ ಹೊಲ ನುಂಗಿದೋರನ್ನ ಯಾವ ಬಾಯಲ್ಲಿ ಕೇಳ್ತೀರಿ ಅಂತ ನಮ್ಮವ್ವನೇ ಕೇಳಿದಳು. ಅವಳು ಒಂದು ದಿನವೂ ಶಾಲೆಗೆ ಹೋದವಳಲ್ಲ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ನಡೆದದ್ದನ್ನು ನೋಡಿ. 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಅಂತ ಕಿತ್ತುಕೊಳ್ಳೋಕೆ ಸರ್ಕಾರ ಹೊರಟಾಗ ಜನ 2022ರ ಏಪ್ರಿಲಿನಲ್ಲಿ ಧರಣಿ ಕೂತರು. ಮೂರು ವರ್ಷ ಮೀರಿ ಕೂತೇ ಇದ್ದರು. ಸರ್ಕಾರ ಬದಲಾಯಿತು, ಧರಣಿ ಬದಲಾಗಲಿಲ್ಲ. 2025ರ ಜೂನ್ 25ರಂದು ಪೊಲೀಸರು ಎಳೆದೊಯ್ದರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಭೂಸ್ವಾಧೀನ ಕೈಬಿಡುವುದಾಗಿ ಹೇಳಬೇಕಾಯಿತು. ಆ ಟೆಂಟಿನಲ್ಲಿ ಒಂದೊಂದು ದಿನ ಕೂತು ನೋಡಿದವರಿಗೆ ಗೊತ್ತು: ಅಲ್ಲಿ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬರೋ ಹೆಂಗಸರು ಇದ್ದರು, ಹೊಲೆಯರು ಒಕ್ಕಲಿಗರು ಅಕ್ಕಪಕ್ಕ ಕೂತಿದ್ದರು. ಇಷ್ಟು ದಿನ ಟೆಂಟು ನಿಂತದ್ದು ಸರದಿಯಿಂದ. ಒಬ್ಬರ ಮೇಲೇ ಭಾರ ಬಿದ್ದಿದ್ದರೆ ಮೂರು ತಿಂಗಳೂ ನಡೆಯುತ್ತಿರಲಿಲ್ಲ.

ಕೊನೆಯದಾಗಿ ನಮ್ಮ ಓದೋ ಗೆಳೆಯರಿಗೆ ಒಂದು ಮಾತು. ಹೋರಾಟಕ್ಕೆ ಬಿದ್ದು ಪ್ರಬಂಧ ಬಿಟ್ಟವರು ನಮ್ಮಲ್ಲಿ ಬಹಳ ಜನ. ಅವರ ತ್ಯಾಗದ ಬಗ್ಗೆ ಹಗುರವಾಗಿ ಮಾತಾಡೋ ಹಕ್ಕು ನನಗಿಲ್ಲ. ಆದರೆ ಬಾಬಾಸಾಹೇಬರು ಏನು ಮಾಡಿದರು ನೋಡಿ. 1913ರಲ್ಲಿ ಬರೋಡಾದ ವಿದ್ಯಾರ್ಥಿವೇತನದ ಮೇಲೆ ಕೊಲಂಬಿಯಾಕ್ಕೆ ಹೋದರು. 1916ರಲ್ಲಿ ಲಂಡನ್ನಿಗೆ. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಓದು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಬರೋಡಾದಲ್ಲಿ ಇರೋಕೆ ಮನೆ ಸಿಗಲಿಲ್ಲ. ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳುತ್ತ ದುಡ್ಡು ಕೂಡಿಟ್ಟರು. ಆ ನಡುವೆ 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಅಸ್ಪೃಶ್ಯರ ಪರ ಸಾಕ್ಷ್ಯ ಹೇಳಿದರು, 1920ರ ಜನವರಿ 31ಕ್ಕೆ ‘ಮೂಕನಾಯಕ’ ಪತ್ರಿಕೆ ಶುರು ಮಾಡಿದರು, ಅದೇ ಮಾರ್ಚಿನಲ್ಲಿ ಮಾಣಗಾಂವ್ ಪರಿಷತ್ತು ನಡೆಸಿದರು. ಜನ ಇವರೇ ನಮ್ಮ ಮುಂದಾಳು ಅನ್ನುತ್ತಿದ್ದ ಹೊತ್ತಿಗೆ ಸರಿಯಾಗಿ, 1920ರಲ್ಲೇ, ಅರ್ಧ ಬಿಟ್ಟ ಓದು ಮುಗಿಸೋಕೆ ಮತ್ತೆ ಲಂಡನ್ನಿಗೆ ಹಡಗು ಹತ್ತಿದರು. 1923ರಲ್ಲಿ ಡಿ.ಎಸ್ಸಿ. ಮುಗಿಸಿ ಬಂದರು. ಮಹಾಡದ ಕೆರೆ ನೀರು ಮುಟ್ಟಿದ್ದು ಅದಾದ ಮೇಲೆ, 1927ರಲ್ಲಿ. ಅವರು ಹೋದ ಮೇಲೆ ‘ಮೂಕನಾಯಕ’ ಹೆಚ್ಚು ಕಾಲ ಬಾಳಲಿಲ್ಲ ಅನ್ನೋದೂ ನಿಜ. ಹೊರಡೋರು ಹೊರಡುವ ಮೊದಲು ಕೆಲಸವನ್ನು ಹಲವು ಕೈಗಳಿಗೆ ಹಂಚಿರಬೇಕು ಅನ್ನೋ ಪಾಠ ಅಲ್ಲೇ ಇದೆ.

ಅದಕ್ಕೇ ನಮ್ಮ ಕೇರಿಯಲ್ಲಿ ರಾತ್ರಿ ಹೊತ್ತು ಕಾಗದದ ಶಾಲೆ ಮಾಡಿದೆವು. ಪಿ.ಯು.ಸಿ. ಓದಿದ ಇಬ್ಬರು ಹುಡುಗಿಯರು, ಡಿಪ್ಲೊಮಾ ಮುಗಿಸಿ ಕಾರ್ಖಾನೆಗೆ ಹೋಗೋ ಒಬ್ಬ ಹುಡುಗ, ಹಳೇ ಕೈಬರಹ ಸಲೀಸಾಗಿ ಓದಬಲ್ಲ ರಿಟೈರ್ಡ್ ಪ್ರೈಮರಿ ಮೇಷ್ಟ್ರು. ಪಹಣಿಯ ಯಾವ ಕಲಮಿನಲ್ಲಿ ಏನಿರುತ್ತೆ, ಮ್ಯುಟೇಷನ್ ಅಂದರೇನು, ಕಡತ ಸಿಗುತ್ತಿಲ್ಲ ಅಂತ ಹಿಂಬರಹ ಕೊಟ್ಟರೆ ಮುಂದೇನು, 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿಯನ್ನ ಹೇಗೆ ಬರೆಯಬೇಕು, ಎ.ಸಿ. ತೀರ್ಪು ವಿರುದ್ಧವಾದರೆ 3 ತಿಂಗಳೊಳಗೆ ಡಿ.ಸಿ.ಗೆ ಮೇಲ್ಮನವಿ ಹೇಗೆ ಹಾಕಬೇಕು. ಇಷ್ಟೇ ಪಾಠ. ಪಕ್ಕದ ಎರಡು ಹಳ್ಳಿಯವರು ತಮ್ಮ ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಈಗ ಈ ಹುಡುಗಿಯರ ಹತ್ತಿರ ಬರುತ್ತಾರೆ. ನನ್ನ ಮಾತು ಮುಗಿದ ಮೇಲೂ ಅವರು ‘ಅದ್ಯಾಕ್ಕಂಗೆ ಅಕ್ಕಾ?’ ಅಂತ ನನ್ನನ್ನೇ ತಡೆದು ಕೇಳುತ್ತಾರೆ.

ಹಳ್ಳಿಗಳಲ್ಲಿ ಪಾಠ ಹೇಳುವ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ನನ್ನ ಬೇಡಿಕೆ ಇಷ್ಟೇ: ಏಳನೇ ಕ್ಲಾಸಿನ ಮಕ್ಕಳಿಗೆ ಒಂದು ದಿನ ಅವರವರ ಮನೆಯ ಪಹಣಿ ತರಿಸಿ ಓದಿಸಿ. ಪಹಣಿಯೇ ಇಲ್ಲದ ಮಕ್ಕಳಿಗೆ, ಯಾಕಿಲ್ಲ ಅಂತ ಮನೆಯಲ್ಲಿ ಕೇಳಿ ಬರೆದುಕೊಂಡು ಬರಲು ಹೇಳಿ. ಸಂಶೋಧನೆ ಮಾಡುವ ಗೆಳೆಯರು ತಾವು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಂಡದ್ದರ ಒಂದು ನಕಲನ್ನು ಆ ಕೇರಿಗೂ ಕೊಟ್ಟು ಬನ್ನಿ.

6 ಮನೆಗಳ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ. ಎದುರು ಪಕ್ಷದವರು ವಿಳಂಬದ ತಕರಾರು ಎತ್ತಿದ್ದಾರೆ, ಅದಕ್ಕೆ ಉತ್ತರ ತಯಾರಾಗಿದೆ. ನನ್ನ ಪ್ರಬಂಧ ಸಲ್ಲಿಸೋ ಗಡುವೂ ಅದೇ ವಾರ ಬಂದಿದೆ. ಮುಂದಿನ ತಾರೀಖಿಗೆ ನಾನು ದೊಡ್ಡಬಳ್ಳಾಪುರಕ್ಕೆ ಹೋಗುತ್ತಿಲ್ಲ. ಆ ಇಬ್ಬರು ಹುಡುಗಿಯರು, ಚಿಕ್ಕಮ್ಮ, ಕವರಿನ ತಾತ ಬೆಳಗಿನ ಬಸ್ಸಿಗೆ ಹೋಗುತ್ತಾರೆ. ಚಿಕ್ಕಮ್ಮನ ಕೇಸು ಆ ಕೋರ್ಟಿನಲ್ಲಿಲ್ಲ. ಆದರೂ ಊಟದ ಬುತ್ತಿ ತನ್ನದು ಅಂದಿದ್ದಾಳೆ.